ಗುಬ್ಬಿ ಮೇಲೆ ಬ್ರಹ್ಮಾಸ್ತ್ರ

ಅಮ್ಮನ ತವರು ಗುಬ್ಬಿ. ತುಮಕೂರಿನಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ ಸಿಗುವ, ವೀರಣ್ಣನವರ ನಾಟಕ ಕಂಪನಿಯಿಂದ ನಾಡಿಗೆಲ್ಲ ಗೊತ್ತಾದ ಅದೇ ಗುಬ್ಬಿ. ಹಾಗಾಗಿ "ಇಲ್ಲೊಂದು ಊರಿದೆ, ಹಕ್ಕಿ ಹೆಸರು ಹೇಳಿಕೊಂಡೇ ಬದುಕ್ತಿದೆ, ಶನಿವಾರ ಹೋಗಿ ಬರೋಣ್ವಾ?" ಅಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ನಮ್ಮೂರಿಗಿಂತ ದೊಡ್ಡದೇನೋ?"

ಅಲ್ಲ. ಗ್ರಿಗ್ಸ್‌ವಿಲ್ ಅನ್ನುವ ಆ ಊರಿನಲ್ಲಿ ಇರೋದು ಸಾವಿರದ ಚಿಲ್ಲರೆ ಜನ. ಆದರೆ ಊರ ಮುಖ್ಯ ಬೀದಿಯಲ್ಲಿ ಒಂದು ಗೋಪುರವಿದೆ, ಅದರಲ್ಲಿ ಹಕ್ಕಿಗಳಿಗಾಗಿ 562 ಮನೆಗಳಿವೆ ಅಂತ ಹೇಳಿದೆ. ಅಮ್ಮ ಶುಕ್ರವಾರ ರಾತ್ರಿಯೇ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿಟ್ಟಳು.

ನಾವಿರೋದು ಅಮೆರಿಕದ ಇಲಿನಾಯ್ ರಾಜ್ಯದ ನಡುಭಾಗದಲ್ಲಿ. ಶಿಕಾಗೊ ಅಂದಾಗ ಕಣ್ಣಿಗೆ ಬರುವ ಕಟ್ಟಡಗಳಿಗೂ ನಮಗೂ ಸಂಬಂಧವಿಲ್ಲ. ಇಲ್ಲಿ ಸುತ್ತ ಮುಸುಕಿನ ಜೋಳ ಮತ್ತು ಸೋಯಾ. ಮೊದಲು ಸ್ಪ್ರಿಂಗ್‌ಫೀಲ್ಡ್‌ಗೆ ಒಂದು ಗಂಟೆ. ಲಿಂಕನ್ ಅಧ್ಯಕ್ಷನಾಗುವ ಮುಂಚೆ ವಕೀಲಿ ಮಾಡುತ್ತಿದ್ದ ಊರು ಅದು. ಅಲ್ಲಿಂದ 72ನೇ ನಂಬರಿನ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಇನ್ನೊಂದು ಗಂಟೆ. ಜೂನ್ ಮೊದಲ ವಾರ, ಜೋಳ ಮೊಣಕಾಲುದ್ದ ಬಂದಿತ್ತು. "ಇಷ್ಟು ಬೆಳೆ ಇದೆ, ಹೊಲದಲ್ಲಿ ಒಂದು ಆಳೂ ಕಾಣಲ್ವಲ್ಲೋ" ಅಂತ ಅಮ್ಮ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದಳು. ಏಳು ತಿಂಗಳ ಬಸುರಿಯಾದ ನನ್ನ ಹೆಂಡತಿ "ಅಷ್ಟು ಹೊತ್ತು ಕಾರಲ್ಲಿ ಕೂರೋಕಾಗಲ್ಲ" ಅಂತ ಗೆಳತಿಯರನ್ನು ಕರೆಸಿಕೊಂಡು ಮನೆಯಲ್ಲೇ ಉಳಿದಿದ್ದಳು.

ಈ ಪ್ರವಾಸಕ್ಕೆ ಕಾರಣ ನಮ್ಮ ಹಿತ್ತಲು. ಅದನ್ನು ಮೊದಲು ಹೇಳಿಬಿಡುತ್ತೇನೆ.

ಹೋದ ವರ್ಷ ಚಳಿಗಾಲದ ಕೊನೆಯಲ್ಲಿ, ಮಗು ಬರೋದರೊಳಗೆ ಹಿತ್ತಲಲ್ಲಿ ಏನಾದರೂ ಚೆಂದದ್ದು ಇರಲಿ ಅಂತ ಒಂದು ಗೂಡುಪೆಟ್ಟಿಗೆ ತಂದು ಕಂಬಕ್ಕೆ ಹಾಕಿದೆ. ಬ್ಲೂಬರ್ಡ್ ಅನ್ನುವ ಹಕ್ಕಿಗಾಗಿ. ಬೆನ್ನು ಅಚ್ಚ ನೀಲಿ, ಎದೆ ಇಟ್ಟಿಗೆ ಬಣ್ಣ. ಮರದ ಪೊಟರೆಯಲ್ಲಿ ಗೂಡು ಮಾಡುವ ಈ ಹಕ್ಕಿಗೆ ಪೊಟರೆಗಳೇ ಸಿಗದೆ ಕಳೆದ ಶತಮಾನದಲ್ಲಿ ಸಂಖ್ಯೆ ಕುಸಿದಿತ್ತು. ಆಮೇಲೆ ಜನ ಊರೂರಲ್ಲಿ ಒಂದೂವರೆ ಇಂಚಿನ ತೂತಿರುವ ಪೆಟ್ಟಿಗೆಗಳನ್ನು ಇಟ್ಟು ಮತ್ತೆ ಕರೆದುಕೊಂಡು ಬಂದರು. ನಾನೂ ಆ ಪುಣ್ಯದಲ್ಲಿ ಪಾಲು ತಗೊಳ್ಳೋಣ ಅಂದುಕೊಂಡೆ.

ಬಂದದ್ದು ಗುಬ್ಬಿ.

ಹೌದು, ನಮ್ಮದೇ ಗುಬ್ಬಿ. ಅದೇ ಬೂದು ನೆತ್ತಿ, ಅದೇ ಕಪ್ಪು ಗಡ್ಡ, ಅದೇ ಚಿಂವ್ ಚಿಂವ್. ಏಪ್ರಿಲ್‌ನಲ್ಲಿ ಅಮ್ಮ ಬಂದಿಳಿದ ಮರುದಿನ ಬೆಳಿಗ್ಗೆ ಕಿಟಕಿಯಲ್ಲಿ ಅದನ್ನು ನೋಡಿ ಕುಣಿದಾಡಿಬಿಟ್ಟಳು. ಬೆಂಗಳೂರಿನಲ್ಲಿ ನಾನು ಕೆಲಸ ಮಾಡಿದ ಐದು ವರ್ಷದಲ್ಲಿ ನನ್ನ ಫ್ಲ್ಯಾಟಿಗೆ ಬಂದಾಗಲೆಲ್ಲ "ಇಲ್ಲಿ ಒಂದು ಗುಬ್ಬಿನೂ ಇಲ್ಲ" ಅಂತ ಕೊರಗುತ್ತಿದ್ದವಳು. ಬಾಲ್ಕನಿಗೆ ಮಣ್ಣಿನ ಗೂಡು ತಂದು ನೇತುಹಾಕಿದ್ದೆ, ಯಾವತ್ತೂ ಖಾಲಿ. ಈಗ ಸಾತ್ ಸಮುದ್ರ ದಾಟಿ ಬಂದರೆ ಮಗನ ಹಿತ್ತಲಲ್ಲೇ ಗುಬ್ಬಿ! ಅಂದಿನಿಂದ ಬೆಳಿಗ್ಗೆ ಒಂದು ಹಿಡಿ ಅಕ್ಕಿನುಚ್ಚು ಹುಲ್ಲಿನ ಮೇಲೆ ಬೀಳತೊಡಗಿತು.

ನನಗೆ ಆ ಹೊತ್ತಿಗೆ ಗೊತ್ತಾಗಿತ್ತು, ಇಲ್ಲಿ ಗುಬ್ಬಿ ಹೊರಗಿನದು, ಪೆಟ್ಟಿಗೆ ಹಿಡಿದರೆ ಬ್ಲೂಬರ್ಡ್ ಬರಲ್ಲ. ಅದರ ಗೂಡು ಕಿತ್ತರೆ ಕಾನೂನು ಅಡ್ಡಿ ಮಾಡಲ್ಲ ಅಂತಲೂ ಓದಿದ್ದೆ. ಕೊಲ್ಲೋದು ನನ್ನಿಂದಾಗಲ್ಲ, ಗೂಡು ಕಿತ್ತರೆ ಬೇಸತ್ತು ಹೋಗುತ್ತೆ ಅಂತ ನನ್ನ ಲೆಕ್ಕ. ಶನಿವಾರ ಪೆಟ್ಟಿಗೆ ಬಾಗಿಲು ತೆಗೆದು ಒಣಹುಲ್ಲು, ಗರಿ, ಬಿಸ್ಕತ್ತಿನ ಕವರು ಎಲ್ಲ ಎಳೆದು ಕಸದ ಡಬ್ಬಿಗೆ ಹಾಕಿದೆ. ಬುಧವಾರದೊಳಗೆ ಮತ್ತೆ ಅಷ್ಟೂ ಕಟ್ಟಿತ್ತು. ಮತ್ತೆ ಕಿತ್ತೆ. ಮೂರನೇ ಸಲ ಅಮ್ಮ ನೋಡಿಬಿಟ್ಟಳು.

"ಬಸುರಿ ಇರೋ ಮನೇಲಿ ಗೂಡು ಕೀಳ್ತಾರೇನೋ?"

ಒಂದೇ ಮಾತು. ಆಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನನಗೆ ಶಕುನ-ಗಿಕುನದಲ್ಲಿ ನಂಬಿಕೆ ಇಲ್ಲ ಅಂತ ಹೇಳಿಕೊಂಡು ತಿರುಗೋನು ನಾನು. ಆದರೂ ಮುಂದಿನ ಸ್ಕ್ಯಾನಿಂಗ್ ದಿನ ಆಸ್ಪತ್ರೆಯ ಕುರ್ಚಿಯಲ್ಲಿ ಕೂತಾಗ ನೆನಪಾದದ್ದು ಆ ಒಣಹುಲ್ಲು.

ಅದಾಗಿ ವಾರಕ್ಕೆ, ಎರಡು ಬೇಲಿ ಆಚೆ ಇರುವ ನಿವೃತ್ತ ಟೀಚರೊಬ್ಬರು ನನ್ನನ್ನು ಕರೆದು ಅವರ ಪೆಟ್ಟಿಗೆ ತೋರಿಸಿದರು. ಅವರದ್ದರಲ್ಲಿ ನಿಜವಾಗಿಯೂ ಬ್ಲೂಬರ್ಡ್ ಇತ್ತು. ತಿಳಿನೀಲಿ ಮೊಟ್ಟೆ ನಾಲ್ಕು, ನಾಲ್ಕಕ್ಕೂ ತೂತು. ಅದರ ಮೇಲೆಯೇ ಹೊಸ ಒಣಹುಲ್ಲು ಹರಡಿತ್ತು. "ಗುಬ್ಬಿ ಕೆಲಸ" ಅಂದರು. "ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ?" ಅಂತ ಕೇಳಿದರು. "ಏನಿಲ್ಲ, ಖಾಲಿ" ಅಂದೆ. ಸುಳ್ಳಲ್ಲ. ಅವತ್ತು ಬೆಳಿಗ್ಗೆಯಷ್ಟೇ ಖಾಲಿ ಮಾಡಿದ್ದೆ.

ಆಫೀಸಿನಲ್ಲಿ ಈ ಕತೆ ಹೇಳಿದಾಗ ನನ್ನ ಟೀಮಿನ ಹುಡುಗನೊಬ್ಬ, "ನಮ್ಮ ತಾತನ್ನ ಕೇಳು, ಗ್ರಿಗ್ಸ್‌ವಿಲ್ ಹತ್ತಿರ ತೋಟ ಇದೆ, ನಾನು ಹುಟ್ಟೋ ಮುಂಚಿನಿಂದ ಹಕ್ಕಿಗಳಿಗೆ ಮನೆ ಬಾಡಿಗೆಗೆ ಕೊಡ್ತಿದ್ದಾರೆ" ಅಂದ. ಹೀಗೆ ಹೊರಟದ್ದು.

ಇಲಿನಾಯ್ ನದಿಯ ಸೇತುವೆ ದಾಟಿದ ಮೇಲೆ ನೆಲ ಸ್ವಲ್ಪ ಏರಿಳಿಯುತ್ತದೆ, ಮರಗಳೂ ಹೆಚ್ಚು. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಗ್ರಿಗ್ಸ್‌ವಿಲ್. ಪರ್ಪಲ್ ಮಾರ್ಟಿನ್ ಹಕ್ಕಿಯ ರಾಜಧಾನಿ ಅಂತ ಅದು ತನ್ನನ್ನು ತಾನೇ ಕರೆದುಕೊಂಡಿದೆ. ಊರು ನಿಜಕ್ಕೂ ತುಂಬ ಸಪ್ಪಗಿದೆ. ಒಂದು ಬೀದಿ, ಕೆಲವು ಹಳೆಯ ಇಟ್ಟಿಗೆ ಕಟ್ಟಡ, ಶನಿವಾರ ಹತ್ತು ಗಂಟೆಗೂ ಜನವಿಲ್ಲ. ಆದರೆ ಬೀದಿಯಲ್ಲಿ ಕಂಬ, ಕಂಬದ ಮೇಲೆ ಬಿಳಿ ಬಣ್ಣದ ಪುಟ್ಟ ಅಪಾರ್ಟ್‌ಮೆಂಟು. ನಡುವೆ ಆ ಗೋಪುರ, ಸುಮಾರು 70 ಅಡಿ. ನಮ್ಮ ರಥದಂತೆ ಅಂತಸ್ತಿನ ಮೇಲೆ ಅಂತಸ್ತು. ಅಮ್ಮ ಕತ್ತೆತ್ತಿ ನೋಡಿ, "ವೈಟ್‌ಫೀಲ್ಡ್‌ನಲ್ಲಿ ನೀನಿದ್ದ ಬಿಲ್ಡಿಂಗ್ ಹಾಗೇ ಇದೆ" ಅಂದಳು.

ಇದರ ಹಿಂದಿನ ಮನುಷ್ಯ ಜೆ.ಎಲ್. ವೇಡ್. ಊರಿನಲ್ಲಿ ಅವರದ್ದೊಂದು ಕಾರ್ಖಾನೆ ಇತ್ತು. 1960ರ ದಶಕದಲ್ಲಿ ಸೊಳ್ಳೆ ಕಾಟಕ್ಕೆ ಔಷಧಿ ಹೊಡೆಯುವ ಬದಲು ಮಾರ್ಟಿನ್ ಹಕ್ಕಿಗೆ ಮನೆ ಕೊಡಿ ಅಂತ ಊರನ್ನೇ ಒಪ್ಪಿಸಿ, ಅಲ್ಯೂಮಿನಿಯಂ ಮನೆಗಳನ್ನು ತಯಾರಿಸಿ ದೇಶಕ್ಕೆಲ್ಲ ಮಾರಿದರು. ಒಂದು ಹಕ್ಕಿ ದಿನಕ್ಕೆ 2,000 ಸೊಳ್ಳೆ ತಿನ್ನುತ್ತೆ ಅನ್ನೋದು ಅವರ ಪ್ರಚಾರ. ಅದು ನಿಜವಲ್ಲ. ಮಾರ್ಟಿನ್ ಹಗಲಲ್ಲಿ ಎತ್ತರದಲ್ಲಿ ಹಾರುತ್ತಾ ದೊಡ್ಡ ಹುಳ ಹಿಡಿಯೋ ಹಕ್ಕಿ, ಸೊಳ್ಳೆ ಕೆಳಗೆ ಕತ್ತಲಾದ ಮೇಲೆ ಹೊರಡೋದು. ಮಾರ್ಕೆಟಿಂಗ್‌ನವರ ಸ್ಲೈಡು ಎಲ್ಲ ಕಾಲಕ್ಕೂ ಒಂದೇ ಅಂತ ನನಗೆ ನಗು ಬಂತು. ಆದರೆ ಆ ಸುಳ್ಳಿನ ದೆಸೆಯಿಂದ ಎಷ್ಟೋ ಜನ ಮನೆ ಹಾಕಿದರು, ಹಕ್ಕಿಗೆ ಅನುಕೂಲವೇ ಆಯಿತು.

ಮಾರ್ಟಿನ್ ಅಂದರೆ ಸ್ವಾಲೋ ಕುಲದ್ದು. ಕನ್ನಡದಲ್ಲಿ ಸ್ವಾಲೋಗೆ ಅಂಬರಗುಬ್ಬಿ ಅನ್ನುವ ಚೆಂದದ ಹೆಸರಿದೆ. ಉತ್ತರ ಅಮೆರಿಕದ ಅಂಬರಗುಬ್ಬಿಗಳಲ್ಲೆಲ್ಲ ಇದೇ ದೊಡ್ಡದು. ಗಂಡು ದೂರದಿಂದ ಕಪ್ಪು, ಬಿಸಿಲು ಬಿದ್ದರೆ ರೇಷ್ಮೆ ಸೀರೆಯ ನೇರಳೆ. ಚಳಿಗಾಲ ಬ್ರೆಜಿಲ್ ಕಡೆ ಕಳೆದು ವಸಂತಕ್ಕೆ ಇಲ್ಲಿಗೆ ಬರುತ್ತೆ. ವಿಚಿತ್ರವೆಂದರೆ, ರಾಕಿ ಬೆಟ್ಟಗಳ ಪೂರ್ವಕ್ಕೆ ಇರುವ ಮಾರ್ಟಿನ್‌ಗಳು ಈಗ ಹೆಚ್ಚುಕಡಿಮೆ ಪೂರ್ತಿಯಾಗಿ ಮನುಷ್ಯ ಇಟ್ಟ ಮನೆಗಳಲ್ಲೇ ಸಂಸಾರ ಮಾಡೋದು. ಚಾಕ್ಟಾ, ಚಿಕಸಾ ಮುಂತಾದ ಮೂಲನಿವಾಸಿಗಳು ಯೂರೋಪಿನವರು ಬರುವ ಮೊದಲೇ ಒಣಗಿದ ಸೋರೆಬುರುಡೆಗೆ ತೂತು ಮಾಡಿ ನೇತುಹಾಕುತ್ತಿದ್ದರು. ಅಭ್ಯಾಸ ಎಷ್ಟು ಹಳೆಯದೋ, ಹಕ್ಕಿ ಕಾಡಿನ ಪೊಟರೆಯನ್ನೇ ಮರೆತಂತಿದೆ.

ತಾತನ ತೋಟ ಊರಿಂದ ಹತ್ತು ನಿಮಿಷ. ಎಂಬತ್ತು ದಾಟಿದ, ಉದ್ದಕ್ಕೆ ಬಾಗಿದ ಮನುಷ್ಯ. ಅಮ್ಮನನ್ನು ಕಂಡು ಟೋಪಿ ತೆಗೆದು ತಲೆಬಾಗಿಸಿದರು. ಅಮ್ಮ ಸೆರಗು ಸರಿಮಾಡಿಕೊಂಡು ಕೈಮುಗಿದು ಕೋಡುಬಳೆ ಡಬ್ಬಿ ಕೊಟ್ಟಳು. ಭಾಷೆಯ ಕೆಲಸ ಅಲ್ಲಿಗೆ ಮುಗಿಯಿತು, ಉಳಿದದ್ದಕ್ಕೆ ನಾನಿದ್ದೆ.

ಬಯಲಿನ ನಡುವೆ, ಮರಗಳಿಂದ ದೂರಕ್ಕೆ, ಧ್ವಜಸ್ತಂಭದಂಥ ಮೂರು ಕಂಬ. ಒಂದೊಂದರ ತುದಿಗೂ ಕೊಡೆಯ ಕಡ್ಡಿಗಳಂತೆ ಚಾಚಿದ ತೋಳು, ತೋಳಿಗೆ ನೇತಾಡುವ ಬಿಳಿ ಬುರುಡೆಗಳು. ಕೆಲವು ಪ್ಲಾಸ್ಟಿಕ್, ಕೆಲವು ನಿಜವಾದ ಸೋರೆ. "ಅಯ್ಯೋ, ನಮ್ಮ ತಂಬೂರಿ ಬುರುಡೆ!" ಅಂತ ಅಮ್ಮ ಕೂಗಿದಳು. ಸುತ್ತ ಎಲ್ಲ ಕಡೆ ಹಕ್ಕಿಗಳು, ಗಂಟಲೊಳಗೆ ನೀರು ಕುದಿಸುವ ಹಾಗೆ ಗುಳುಗುಳು ಸದ್ದು. ಒಂದು ತಾಯಿ ಬಾಯಲ್ಲಿ ಏರೋಪ್ಲೇನ್ ಚಿಟ್ಟೆ ಅಡ್ಡ ಹಿಡಿದುಕೊಂಡು ಬಂದು ಬುರುಡೆಯೊಳಗೆ ತೂರಿತು.

ಹೀಗೆ ಮಾರ್ಟಿನ್ ಸಾಕುವವರು ಇಲ್ಲಿ ತಮ್ಮನ್ನು 'ಲ್ಯಾಂಡ್‌ಲಾರ್ಡ್' ಅಂತ ಕರೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿದವನಿಗೆ ಆ ಪದ ಕೇಳಿದರೆ ಎದೆ ಝಲ್ ಅನ್ನುತ್ತೆ. ಆದರೆ ಈ ಲ್ಯಾಂಡ್‌ಲಾರ್ಡ್ ಬೇರೆ ಥರ. ಮೊಟ್ಟೆಚಿಪ್ಪು ಪುಡಿ ಮಾಡಿ ತಟ್ಟೆಯಲ್ಲಿಡುತ್ತಾರೆ, ತಾಯಿಗಳಿಗೆ ಸುಣ್ಣದಂಶ ಬೇಕಲ್ಲ. ಕಂಬಕ್ಕೆ ಹಾವು, ರಕೂನ್ ಹತ್ತದ ಹಾಗೆ ತಗಡು ಸುತ್ತಿದ್ದಾರೆ. ಐದಾರು ದಿನಕ್ಕೊಮ್ಮೆ ರಾಟೆ ತಿರುಗಿಸಿ ಇಡೀ ಚಕ್ರವನ್ನು ಕೆಳಗಿಳಿಸಿ ಒಂದೊಂದು ಬುರುಡೆ ಪರೀಕ್ಷೆ ಮಾಡುತ್ತಾರೆ. ಬುರುಡೆಗೆ ನಂಬರು, ನಂಬರಿಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಮನುಷ್ಯ ಮುಟ್ಟಿದರೆ ತಾಯಿ ಮರಿ ಬಿಡುತ್ತೆ ಅನ್ನೋದು ಸುಳ್ಳು, ಇವು ಅಷ್ಟಕ್ಕೆಲ್ಲ ಹೆದರಲ್ಲ ಅಂದರು.

ಬುರುಡೆಯ ಬಾಗಿಲು ದುಂಡಗಿರಲಿಲ್ಲ, ಅರ್ಧಚಂದ್ರದ ಹಾಗಿತ್ತು. ಎತ್ತರ ಮೂರು ಸೆಂಟಿಮೀಟರ್. ಅದು ಸ್ಟಾರ್ಲಿಂಗ್ ಅನ್ನುವ ಇನ್ನೊಂದು ಹೊರಗಿನ ಹಕ್ಕಿಗಾಗಿ ಮಾಡಿದ ಲೆಕ್ಕ. ನಮ್ಮ ಗೊರವಂಕದ ಯೂರೋಪಿನ ದಾಯಾದಿ ಅದು. ಮಾರ್ಟಿನ್ ಹೊಟ್ಟೆ ಒತ್ತಿಕೊಂಡು ತೂರುತ್ತೆ, ಎದೆ ದಪ್ಪ ಇರುವ ಸ್ಟಾರ್ಲಿಂಗ್ ತೂರಲಾರದು. ಒಂದೆರಡು ಮಿಲಿಮೀಟರ್ ಹೆಚ್ಚಾದರೂ ಕೆಲಸ ಕೆಟ್ಟಿತು. ಇಷ್ಟು ಅಚ್ಚುಕಟ್ಟಾದ ಆಕ್ಸೆಸ್ ಕಂಟ್ರೋಲ್ ನಮ್ಮ ಪ್ರಾಜೆಕ್ಟಿನಲ್ಲೂ ಇಲ್ಲ. ಆದರೆ ಇದಕ್ಕೊಂದು ಬಗ್ ಇದೆ: ಗುಬ್ಬಿ ಅದಕ್ಕಿಂತ ಚಿಕ್ಕದು. ಮಾರ್ಟಿನ್ ತೂರುವ ಯಾವ ತೂತಿನಲ್ಲಾದರೂ ಗುಬ್ಬಿ ಆರಾಮವಾಗಿ ತೂರುತ್ತೆ.

ಎರಡನೇ ಕಂಬದ ಹನ್ನೊಂದನೇ ನಂಬರ್ ಬುರುಡೆ ತೆರೆದಾಗ ತಾತನ ಕೈ ನಿಂತಿತು. ನಾಲ್ಕು ಮರಿ, ಇನ್ನೂ ಗರಿ ಬಂದಿರಲಿಲ್ಲ. ಮೂರರ ತಲೆ ಕುಕ್ಕಿ ಜಜ್ಜಿತ್ತು. ಒಂದು ಕತ್ತು ಎತ್ತಲು ಒದ್ದಾಡುತ್ತಿತ್ತು. ಅಮ್ಮ ಬಗ್ಗಿ ನೋಡಿದಳು. "ಹಾವೇನೋ?" ಅಂದಳು. ಹಾವಾಗಿದ್ದರೆ ನುಂಗುತ್ತಿತ್ತು, ಹೀಗೆ ಬಿಟ್ಟು ಹೋಗುತ್ತಿರಲಿಲ್ಲ. ನಾನು ತರ್ಜುಮೆ ಮಾಡಿ ತಾತನನ್ನು ಕೇಳಿದೆ, ಉತ್ತರ ನನಗೆ ಗೊತ್ತಿದ್ದರೂ. ಅಮ್ಮನಿಗೆ ನಾನೇ ಹೇಳಬೇಕಾಯಿತು. ಗುಬ್ಬಿ. ತಿನ್ನೋಕಲ್ಲ. ಮನೆ ಬೇಕು, ಅದಕ್ಕೆ.

ಬದುಕಿದ್ದ ಮರಿಯನ್ನು ತಾತ ಅಂಗೈಯಲ್ಲಿ ಒಯ್ದು, ಅದೇ ವಯಸ್ಸಿನ ಮರಿಗಳಿದ್ದ ಮೂರನೇ ಕಂಬದ ಬುರುಡೆಯೊಂದಕ್ಕೆ ಸೇರಿಸಿದರು. ಆ ತಾಯಿ ತನ್ನದು ಅಂತಲೇ ಸಾಕುತ್ತೆ, ಲೆಕ್ಕ ಹಾಕಲ್ಲ ಅಂದರು. ಆಮೇಲೆ ಕೊಟ್ಟಿಗೆಗೆ ಹೋಗಿ ಏರ್ ರೈಫಲ್ ತಂದರು.

ಬಂದೂಕು ಅಂದರೆ ನಾನು ಸಿನಿಮಾ ಬಂದೂಕು ಅಂದುಕೊಂಡಿದ್ದೆ. ಇದು ಜಾತ್ರೆಯಲ್ಲಿ ಬಲೂನು ಹೊಡೆಯೋಕೆ ಕೊಡ್ತಾರಲ್ಲ, ಅದರ ಅಣ್ಣ. ನಳಿಗೆಯನ್ನು ನಡುವೆ ಮುರಿದಂತೆ ಬಗ್ಗಿಸಿದರೆ ಒಳಗಿನ ಸ್ಪ್ರಿಂಗು ಬಿಗಿಯಾಗುತ್ತೆ, ಕುದುರೆ ಎಳೆದರೆ ಗಾಳಿಯ ಒತ್ತಡಕ್ಕೆ ನಾಲ್ಕೂವರೆ ಮಿಲಿಮೀಟರಿನ ಸೀಸದ ಚೂರು ಹಾರುತ್ತೆ. ಇಲಿನಾಯ್ ಕಾನೂನಿನ ಪ್ರಕಾರ ನಳಿಗೆ 0.18 ಇಂಚಿಗಿಂತ ದೊಡ್ಡದಿಲ್ಲದೆ, ವೇಗ ಸೆಕೆಂಡಿಗೆ 700 ಅಡಿಯ ಒಳಗಿದ್ದರೆ ಅದು ನಿಜವಾದ ಬಂದೂಕಿನ ಲೆಕ್ಕಕ್ಕೆ ಬರಲ್ಲ. ಊರಿನ ಮಿತಿಯೊಳಗೆ ಅದನ್ನೂ ಹಾರಿಸಬಾರದು ಅನ್ನುವ ನಿಯಮ ಬೇಕಾದಷ್ಟು ನಗರಗಳಲ್ಲಿದೆ. ಇದು ತೋಟ, ತೊಂದರೆಯಿಲ್ಲ.

ತಾತ ಬುರುಡೆಗಳ ಕಡೆಗೆ ಯಾವತ್ತೂ ಗುರಿ ಇಡಲ್ಲ. ಕೊಟ್ಟಿಗೆಯ ಕಿಟಕಿಯಿಂದ ಹದಿನೈದು ಗಜ ದೂರದಲ್ಲಿ ನೆಲದ ಮೇಲೊಂದು ತಟ್ಟೆ, ಅದರಲ್ಲಿ ಒಡೆದ ಜೋಳ, ಹಿಂದೆ ಮಣ್ಣಿನ ದಿಬ್ಬ. ಗುರಿ ತಪ್ಪಿದರೂ ಸೀಸ ಮಣ್ಣಿಗೇ ಹೋಗಬೇಕು. ಬಂದೂಕು ಎತ್ತುವ ಮೊದಲು ಬೈನಾಕ್ಯುಲರ್. ಅದೂ ಒಂದು ಸಲವಲ್ಲ, ಎರಡು ಸಲ. ಯಾಕೆಂದರೆ ಗುಬ್ಬಿಯ ಹೆಣ್ಣಿನ ಹಾಗೇ ಕಂದು ಬಣ್ಣದ, ಇಲ್ಲಿನದೇ ಆದ ಗುಬ್ಬಿ ಜಾತಿಗಳು ಹಲವು ಇವೆ. ಅವುಗಳಿಗೆ 1918ರ ವಲಸೆ ಹಕ್ಕಿಗಳ ಕಾಯ್ದೆಯ ರಕ್ಷಣೆ ಇದೆ, ಮುಟ್ಟಿದರೆ ಅಪರಾಧ. ಹೊರಗಿನಿಂದ ಬಂದ ಮನೆಗುಬ್ಬಿ, ಸ್ಟಾರ್ಲಿಂಗ್, ಪಾರಿವಾಳ ಈ ಮೂರಕ್ಕೆ ಆ ರಕ್ಷಣೆ ಇಲ್ಲ. ಅನುಮಾನವಿದ್ದರೆ ಬಂದೂಕು ಕೆಳಗಿಡು, ಅದು ಅವರ ನಿಯಮ. ಹೆಚ್ಚಾಗಿ ಅವರು ಹೊಡೆಯೋದು ಕಪ್ಪು ಗಡ್ಡದ ಗಂಡನ್ನೇ. ತಪ್ಪಾಗೋ ಸಾಧ್ಯತೆ ಕಡಿಮೆ ಅನ್ನೋದು ಒಂದು ಕಾರಣ. ಇನ್ನೊಂದು ಕಾರಣವನ್ನು ಅವರು ಹೇಳಿದ್ದು ನನ್ನ ಹಿತ್ತಲಿನ ಕತೆ ಕೇಳಿದ ಮೇಲೆ.

"ಗೂಡು ಕಿತ್ತೆ, ಗಂಡನ್ನು ಬಿಟ್ಟೆ, ಅಲ್ವಾ?"

ಹೌದು ಅಂದೆ.

"ಜಾಗಕ್ಕೆ ಅಂಟಿಕೊಳ್ಳೋದು ಗಂಡು. ಅದರ ಗೂಡು ಕಿತ್ತರೆ ಅದು ಊರು ಬಿಡಲ್ಲ. ಸುತ್ತಮುತ್ತ ಯಾವ ಪೆಟ್ಟಿಗೆ ಇದೆಯೋ ಅದಕ್ಕೆ ನುಗ್ಗುತ್ತೆ. ಅಕ್ಕಪಕ್ಕದಲ್ಲಿ ಯಾರದ್ದಾದರೂ ಬ್ಲೂಬರ್ಡ್ ಇತ್ತಾ?"

ನಾನು ಉತ್ತರ ಕೊಡಲಿಲ್ಲ. ನಾಲ್ಕು ನೀಲಿ ಮೊಟ್ಟೆ ಕಣ್ಣ ಮುಂದೆ ಬಂದವು. ನಾನು ಪ್ರಾಣ ತೆಗೆಯೋನಲ್ಲ ಅಂತ ಎಷ್ಟು ಸಮಾಧಾನದಿಂದ ಇದ್ದೆ! ಕೈಗೆ ರಕ್ತ ಅಂಟಿರಲಿಲ್ಲ, ಅಷ್ಟೇ. ಅಮ್ಮ "ಏನಂತೆ?" ಅಂತ ಕೇಳಿದಳು. "ಏನಿಲ್ಲ, ಆಮೇಲೆ ಹೇಳ್ತೀನಿ" ಅಂದೆ.

ಅರ್ಧ ಗಂಟೆ ಕಾದೆವು. ತಟ್ಟೆಗೆ ಮೊದಲು ಬಂದದ್ದು ಕೆಂಪು ಹಕ್ಕಿಯೊಂದು, ಆಮೇಲೆ ಎರಡು ಪಾರಿವಾಳದಂಥವು. ಆಮೇಲೆ ಅವನು ಬಂದ. ಕುಪ್ಪಳಿಸಿಕೊಂಡು, ಕತ್ತು ಆ ಕಡೆ ಈ ಕಡೆ ತಿರುಗಿಸುತ್ತಾ, ನಮ್ಮ ತಿಪಟೂರಿನ ಮನೆಯ ನಡುಮನೆಯಲ್ಲಿ ಕನ್ನಡಿ ಕುಕ್ಕುತ್ತಿದ್ದನಲ್ಲ, ಥೇಟ್ ಅವನೇ. ತಾತ ಉಸಿರು ಬಿಟ್ಟರು. 'ಟಪ್' ಅಂತ ಒಂದು ಸದ್ದು, ಪುಸ್ತಕ ನೆಲಕ್ಕೆ ಬಿದ್ದ ಹಾಗೆ. ಅವನು ಅಲ್ಲೇ ಮಲಗಿದ.

ತಾತನ ಮುಖದಲ್ಲಿ ಗೆದ್ದವನ ಕಳೆಯೇನೂ ಇರಲಿಲ್ಲ. ಹೋಗಿ ಎತ್ತಿಕೊಂಡು ಬಂದು, ಸತ್ತಿದೆಯೇ ಅಂತ ಎದೆ ಒತ್ತಿ ನೋಡಿ, ಬೇಲಿಯ ಕಂಬದ ಮೇಲಿಟ್ಟರು. ಸಂಜೆಯೊಳಗೆ ಗಿಡುಗ ಒಯ್ಯುತ್ತೆ. ಆಮೇಲೆ ನನ್ನತ್ತ ತಿರುಗಿ ಹೇಳಿದ್ದಿಷ್ಟು: ಬ್ರೆಜಿಲ್‌ನಿಂದ ಬಂದವರನ್ನು ಮನೆಗೆ ಕರೆದವನು ನಾನು. ಬೇರೆ ಕಡೆ ಹೋಗೋ ದಾರಿ ಅವಕ್ಕಿಲ್ಲ. ಕಾಯೋಕೆ ಆಗದಿದ್ದರೆ ಮನೆ ಹಾಕಲೇಬಾರದಿತ್ತು.

ಅಮ್ಮ ಬೇಲಿ ಕಂಬದ ಹತ್ತಿರ ಹೋಗಿ ನಿಂತಳು. ಅಷ್ಟು ಹತ್ತಿರದಿಂದ ಗುಬ್ಬಿಯನ್ನು ಅವಳು ನೋಡಿದ್ದೇ ಮೊದಲಿರಬೇಕು. ಬದುಕಿರೋ ಗುಬ್ಬಿ ಅಷ್ಟು ಹತ್ತಿರ ಬಿಡಲ್ಲ. "ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂತಿದ್ವಿ ಮಾತಿಗೆ" ಅಂದಳು. "ಕಣ್ಣಾರೆ ನೋಡೋ ಹಾಗಾಯ್ತು." ಸ್ವಲ್ಪ ಹೊತ್ತು ಬಿಟ್ಟು, "ಆ ಮರಿ ಬದುಕುತ್ತಾ ಕೇಳು" ಅಂದಳು. ಕೇಳಿದೆ. ಬದುಕುತ್ತೆ ಅಂದರು ತಾತ.

ಗುಬ್ಬಿ ಇಲ್ಲಿಗೆ ಬಂದ ಕತೆಯನ್ನು ವರಾಂಡದಲ್ಲಿ ನಿಂಬೆ ಶರಬತ್ತು ಕುಡಿಯುತ್ತಾ ತಾತ ಶುರುಮಾಡಿದರು, ಉಳಿದದ್ದು ನಾನು ಮನೆಗೆ ಬಂದು ಓದಿದೆ. ಗುಬ್ಬಿ ತಾನಾಗಿ ಹಾರಿ ಬಂದದ್ದಲ್ಲ. 1850ರ ಸುಮಾರಿಗೆ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನವರು ಬೀದಿ ಮರಗಳ ಕಂಬಳಿಹುಳ ತಿನ್ನಲಿ ಅಂತ ಇಂಗ್ಲೆಂಡಿನಿಂದ ತರಿಸಿ ಬಿಟ್ಟರು. ಕೆಲವೇ ಜೋಡಿಗಳಿಂದ ಶುರುವಾದದ್ದು ಐವತ್ತು ವರ್ಷದಲ್ಲಿ ಅರ್ಧ ಖಂಡ ತುಂಬಿತು. ಕುದುರೆಗಾಡಿಗಳ ಕಾಲ, ರಸ್ತೆ ತುಂಬ ಲದ್ದಿ, ಲದ್ದಿ ತುಂಬ ಕಾಳು. 1870ರ ದಶಕದಲ್ಲೇ ಇದನ್ನು ಕೊಲ್ಲಬೇಕೋ ಕಾಪಾಡಬೇಕೋ ಅಂತ ಎಲಿಯಟ್ ಕೌಸ್ ಮತ್ತು ಥಾಮಸ್ ಬ್ರೂವರ್ ಅನ್ನುವ ಇಬ್ಬರು ಪಕ್ಷಿತಜ್ಞರು ಎಷ್ಟು ಜಗಳವಾಡಿದರೆಂದರೆ ಅದಕ್ಕೆ ಗುಬ್ಬಿ ಯುದ್ಧ ಅಂತಲೇ ಹೆಸರು ಬಿತ್ತು. ಸ್ಟಾರ್ಲಿಂಗ್‌ಗಳನ್ನು 1890ರಲ್ಲಿ ಯೂಜೀನ್ ಶೀಫೆಲಿನ್ ಎಂಬಾತ ಸೆಂಟ್ರಲ್ ಪಾರ್ಕ್‌ನಲ್ಲಿ ಬಿಟ್ಟ. ಷೇಕ್ಸ್‌ಪಿಯರ್ ನಾಟಕದ ಹಕ್ಕಿಗಳೆಲ್ಲ ಅಮೆರಿಕದಲ್ಲಿರಲಿ ಅನ್ನೋದು ಅವನ ಆಸೆಯಾಗಿತ್ತು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕೆ ಸರಿಯಾದ ಆಧಾರವಿಲ್ಲ ಅಂತ ಈಚೆಗೆ ಸಂಶೋಧಕರು ತೋರಿಸಿದ್ದಾರೆ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಅರ್ಧ ಶತಮಾನದಿಂದ ಅಮೆರಿಕದಲ್ಲೂ ಗುಬ್ಬಿಯ ಸಂಖ್ಯೆ ಇಳಿಯುತ್ತಲೇ ಇದೆ. ನಾವು ಪ್ರತಿ ಮಾರ್ಚ್ 20ಕ್ಕೆ ಗುಬ್ಬಚ್ಚಿ ದಿನ ಅಂತ ಸ್ಟೇಟಸ್ ಹಾಕ್ತೀವಲ್ಲ, ನಮ್ಮಲ್ಲೂ 2020ರ ದೇಶವ್ಯಾಪಿ ಹಕ್ಕಿಗಳ ವರದಿ ಹೇಳಿದ್ದು, ಒಟ್ಟಾರೆ ಗುಬ್ಬಿ ಸ್ಥಿರವಾಗಿದೆ, ಬೆಂಗಳೂರಿನಂಥ ಮಹಾನಗರಗಳಲ್ಲಿ ಮಾತ್ರ ಕಡಿಮೆಯಾಗಿದೆ ಅಂತ. ನಮ್ಮ ಗೊರವಂಕ ಆಸ್ಟ್ರೇಲಿಯಾದಲ್ಲಿ ಇದೇ ಥರ ಕಾಟ ಕೊಡುವ ಹಕ್ಕಿ. ಬೆಂಗಳೂರಿನಲ್ಲಿ ಪಾರಿವಾಳಕ್ಕೆ ಬಾಲ್ಕನಿ ತುಂಬ ನೆಟ್ ಹೊಡೆಸುವಾಗ ನಾವ್ಯಾರೂ ಇಷ್ಟೆಲ್ಲ ತಲೆಕೆಡಿಸಿಕೊಂಡಿಲ್ಲ, ಅದೂ ನೆನಪಾಯಿತು.

ಹೊರಡುವಾಗ ತಾತ ಅಮ್ಮನಿಗೆ ಒಣಗಿದ ಒಂದು ಸೋರೆಬುರುಡೆ ಕೊಟ್ಟರು, ತೂತು ಮಾಡದ್ದು. ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಜಾಕ್ಸನ್‌ವಿಲ್ ದಾಟುವವರೆಗೆ ಮಾತಿಲ್ಲ. ಆಗ ನಾನು ಪಕ್ಕದ ಮನೆಯ ಮೊಟ್ಟೆಗಳ ಕತೆ ಪೂರ್ತಿ ಹೇಳಿದೆ.

ಬೈಯುತ್ತಾಳೆ ಅಂದುಕೊಂಡಿದ್ದೆ. "ಅಕ್ಕಿನುಚ್ಚು ಹಾಕಿದ್ದು ನಾನು" ಅಂದಳು. ಗುಬ್ಬಿ ಕರೆಸಿಕೊಳ್ಳೋಕೆ ಅಕ್ಕಿ, ಸಜ್ಜೆ, ಒಡೆದ ಜೋಳಕ್ಕಿಂತ ಸುಲಭದ ದಾರಿ ಇಲ್ಲ ಅಂತ ತಾತ ಹೇಳಿದ್ದನ್ನು ನಾನೇ ತರ್ಜುಮೆ ಮಾಡಿದ್ದೆ. ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಆ ಯಜಮಾನರು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ ಕಣೋ. ಆ ಮರಿಗಳ ತಲೆ ನೋಡಿದ್ನಲ್ಲ. ಆದ್ರೆ ನಮ್ಮ ಮನೇಲಿ ಅದು ಬೇಡ. ನಿಂಗೆ ಬ್ಲೂಬರ್ಡೇ ಬೇಕು ಅಂತಿದ್ರೆ ಬೇರೆ ಏನಾದ್ರೂ ನೋಡು" ಅಂದಳು.

ಬೇರೆ ದಾರಿ ಇಲ್ಲದೇ ಇಲ್ಲ. ಪೆಟ್ಟಿಗೆಯೊಳಗೇ ಇಡುವ ಬೋನು ಸಿಗುತ್ತೆ. ಆದರೆ ಹಿಡಿದ ಮೇಲೆ ಏನು ಮಾಡೋದು? ದೂರ ಬಿಟ್ಟರೆ ಇನ್ನೊಬ್ಬರ ಪೆಟ್ಟಿಗೆಗೆ ಹೋಗುತ್ತೆ. ಬ್ಲೂಬರ್ಡ್ ಮೊಟ್ಟೆ ಇಟ್ಟ ಮೇಲೆ ಪೆಟ್ಟಿಗೆಯ ಮೇಲೆ ಮಿಂಚುವ ಪಟ್ಟಿಗಳನ್ನು ತೂಗುಬಿಟ್ಟರೆ ಗುಬ್ಬಿ ಹೆದರುತ್ತೆ, ಬ್ಲೂಬರ್ಡ್ ಹೊಂದಿಕೊಳ್ಳುತ್ತೆ ಅಂತಾರೆ. ಎಲ್ಲಕ್ಕಿಂತ ಸರಳ, ಬೇಡದವನು ಬರುವ ಹಾಗಿದ್ದರೆ ಮನೆಯನ್ನೇ ಮುಚ್ಚೋದು. ಒಂದು ಪೆಟ್ಟಿಗೆಯ ನನಗೆ ಅದು ಸಾಕು. ಮೂರು ಕಂಬದ ತುಂಬ ಮರಿ ಇರುವ ತಾತನಿಗೆ ಜೂನ್ ತಿಂಗಳಲ್ಲಿ ಮನೆ ಮುಚ್ಚಿ ಅಂತ ಹೇಳೋಕಾಗಲ್ಲ.

ಭಾನುವಾರ ಪೆಟ್ಟಿಗೆ ಇಳಿಸಿದೆ. ಅದರಲ್ಲಿ ಮೊಟ್ಟೆ ಇರಲಿಲ್ಲ, ಪುಣ್ಯ. ಸಂಜೆ ಅಮ್ಮ ಮಾಡಿದ ಕೋಡುಬಳೆ ಹಿಡಿದು ಪಕ್ಕದ ಟೀಚರ್ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ತಮ್ಮ ಪೆಟ್ಟಿಗೆಯ ಲೆಕ್ಕದ ಹಾಳೆ ತಂದು, ಒಂದು ಖಾಲಿ ಹಾಳೆಯನ್ನು ನನಗೂ ಕೊಟ್ಟರು. ಮುಂದಿನ ವರ್ಷ ಹಾಕೋದಾದರೆ ಮೊದಲು ನನಗೆ ಹೇಳು, ಇಬ್ಬರೂ ಒಂದೇ ದಿನ ನೋಡೋಣ ಅಂದರು. ಕೋಡುಬಳೆ ಇಷ್ಟವಾಯಿತು ಅಂತ ಮರುದಿನ ಮೆಸೇಜು ಬಂತು.

ಆಗಸ್ಟ್ ಕೊನೆಯಲ್ಲಿ ಮಗಳು ಹುಟ್ಟಿದಳು. ತಾತನ ಹಕ್ಕಿಗಳೆಲ್ಲ ಹೊರಟುಹೋದ ವಾರವೇ. ಅಮ್ಮ ಅಕ್ಟೋಬರ್‌ನಲ್ಲಿ ವಾಪಸಾದಳು, ಬುರುಡೆಯನ್ನು ಸೀರೆಯಲ್ಲಿ ಸುತ್ತಿ ಒಯ್ಯಬೇಕು ಅಂತಿದ್ದಳು, ಒಣಗಿದ ಕಾಯಿ-ಬೀಜ ಅಂತ ಏರ್‌ಪೋರ್ಟಿನಲ್ಲಿ ರಗಳೆ ಯಾಕೆ ಅಂತ ನಾನೇ ಬೇಡ ಅಂದೆ. ಅದು ಈಗ ಮಗಳ ತೊಟ್ಟಿಲ ಮೇಲಿನ ಶೆಲ್ಫಿನಲ್ಲಿದೆ.

ಈ ಮಾರ್ಚ್‌ನಲ್ಲಿ ಪೆಟ್ಟಿಗೆಯನ್ನು ಮತ್ತೆ ಕಂಬಕ್ಕೆ ಏರಿಸಿದ್ದೇನೆ, ತೂತಿಗೆ ಬಿರಡೆ ಹಾಕಿ. ಬ್ಲೂಬರ್ಡ್ ಬಂದು ಪೆಟ್ಟಿಗೆ ಮೇಲೆ ಕೂತ ದಿನ ತೆಗೆಯೋದು, ಅಲ್ಲಿವರೆಗೆ ಬೀಗ. ಟೀಚರ್ ತಮ್ಮದಕ್ಕೂ ಹಾಗೇ ಮಾಡಿದ್ದಾರೆ.

ಮೊನ್ನೆ ಭಾನುವಾರ ಬೆಳಿಗ್ಗೆ, ಅಲ್ಲಿ ಸಂಜೆ, ಅಮ್ಮ ವಿಡಿಯೊ ಕಾಲ್ ಮಾಡಿದ್ದಳು. ತಿಪಟೂರಿನ ಮನೆಯ ಕರೆಂಟ್ ಮೀಟರ್ ಪೆಟ್ಟಿಗೆಯ ಹಿಂದೆ ಗುಬ್ಬಿ ಸಂಸಾರ ಹೂಡಿದೆ. ಹೊಸ ಮೀಟರ್ ಹಾಕೋಕೆ ಬಂದ ಲೈನ್‌ಮನ್‌ಗೆ ಕಾಫಿ ಕೊಟ್ಟು, ಮರಿ ಹಾರಿದ ಮೇಲೆ ಬಾರಪ್ಪ ಅಂತ ಕಳಿಸಿದ್ದಾಳಂತೆ. ಅಪ್ಪನಿಗೆ ಸಿಟ್ಟು. ಫೋನನ್ನು ಮೀಟರಿನ ಹತ್ತಿರ ಹಿಡಿದು ಮೊಮ್ಮಗಳಿಗೆ ಚಿಂವ್ ಚಿಂವ್ ಕೇಳಿಸಿದಳು. ಮಗಳು ಬಾಯಿ ಬಿಟ್ಟು ನೋಡಿದಳು. ನಾವು ಹಿತ್ತಲ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದೆವು.

"ಲೋ, ನಿನ್ನ ಹಿಂದೆ ಬೇಲಿ ಮೇಲೆ ಏನೋ ಅದು?" ಅಂದಳು ಅಮ್ಮ ಇದ್ದಕ್ಕಿದ್ದಂತೆ.

ತಿರುಗಿ ನೋಡಿದೆ. ಕಪ್ಪು ಗಡ್ಡ. ಪೆಟ್ಟಿಗೆಯನ್ನೇ ನೋಡುತ್ತಾ ಕೂತಿದ್ದ.

"ಮಗೂನ ಅವಳ ಕೈಗೆ ಕೊಟ್ಟು ಎದ್ದು ಹೋಗು" ಅಂದಳು ಅಮ್ಮ. "ಬಿರಡೆ ಸರಿಯಾಗಿ ಕೂತಿದ್ಯಾ ನೋಡು."